ಪ್ರಯೋಗಾಲಯಕ್ಕೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಮೆಡಿಕಲ್ ಸೀಟು ಸಿಗಲಿಲ್ಲ, ಬಿ.ಎಸ್ಸಿ. ಎಂಎಲ್‌ಟಿಗೆ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಸೇರುತ್ತಿದ್ದೀಯೆ ಎಂದು ನಿನ್ನಮ್ಮ ಸಂಕೋಚದಿಂದಲೇ ಹೇಳಿದಳು. ಸಂಕೋಚಪಡುವಂಥದ್ದು ಇದರಲ್ಲಿ ಏನೂ ಇಲ್ಲ. ರಕ್ತನಿಧಿಯಲ್ಲೇ ವೃತ್ತಿ ಮುಗಿಸಿದ ನಾನು ನಿನಗೆ ಹೇಳುವ ಮಾತನ್ನು ಈ ವರ್ಷ ಇಂಥ ಕೋರ್ಸಿಗೆ ಸೇರುವ ಮಕ್ಕಳೆಲ್ಲ ಓದಿಕೊಳ್ಳಲಿ.

ಈ ಕೆಲಸದ ಬೆಲೆ ತಿಳಿಯಲು ಒಂದು ಉದಾಹರಣೆ ಸಾಕು. 1952ರಲ್ಲಿ ಬೊಂಬಾಯಿಯ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಹೊಸದೊಂದು ರಕ್ತದ ಗುಂಪನ್ನು ಪ್ರಕಟಿಸಿದರು. ಆ ಗುಂಪಿನವರ ಕೆಂಪುಕಣಗಳಿಗೆ ಆಂಟಿ-ಎ ಹಾಕಿದರೂ ಆಂಟಿ-ಬಿ ಹಾಕಿದರೂ ಕಣಗಳು ಅಂಟಿಕೊಳ್ಳುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿದರೆ ‘ಒ’ ಎಂದು ಬರೆದುಬಿಡುತ್ತೇವೆ. ಅವರ ಸೀರಮ್ಮಿಗೆ ಒ ಗುಂಪಿನ ಕಣ ಬೆರೆಸಿದಾಗ ಗುಟ್ಟು ಹೊರಬೀಳುತ್ತದೆ: ಕಣಗಳು ಕೂಡಲೇ ಅಂಟಿಕೊಳ್ಳುತ್ತವೆ. ಒ ಗುಂಪಿನವರಲ್ಲಿ ಧಾರಾಳವಾಗಿರುವ ‘ಎಚ್’ ಆಂಟಿಜೆನ್ ಇವರಲ್ಲಿಲ್ಲ, ಅದರ ವಿರುದ್ಧದ ಪ್ರತಿಕಾಯ ಇದೆ. ಒ ರಕ್ತ ಏರಿಸಿದರೆ ಪ್ರಾಣಕ್ಕೇ ಅಪಾಯ. ಇದೇ ಬಾಂಬೆ ಗುಂಪು. ನಮ್ಮ ದೇಶದಲ್ಲೂ ಅಪರೂಪವೇ. ಆದರೆ ಆ ಅಪರೂಪದ ರೋಗಿ ಯಾವ ರಾತ್ರಿ ಬರುತ್ತಾನೆಂದು ಯಾರಿಗೂ ಗೊತ್ತಿರುವುದಿಲ್ಲ. ವಾರ್ಡಿನಿಂದ ಮೇಲಿಂದ ಮೇಲೆ ಫೋನ್ ಬರುತ್ತಿದ್ದರೂ ಸೀರಮ್ಮನ್ನು ಪರೀಕ್ಷಿಸುವ ರಿವರ್ಸ್ ಗ್ರೂಪಿಂಗನ್ನೂ ದಾನಿಯ ರಕ್ತದೊಡನೆ ಹೊಂದಿಸಿ ನೋಡುವ ಕ್ರಾಸ್‌ಮ್ಯಾಚನ್ನೂ ಬಿಡದೆ ಮಾಡುವ ಟೆಕ್ನಿಷಿಯನ್‌ ಅವನನ್ನು ಉಳಿಸುತ್ತಾಳೆ.

ಆದ್ದರಿಂದ ಪ್ರತಿ ಪರೀಕ್ಷೆಯನ್ನೂ ಏಕೆ ಮಾಡುತ್ತೇವೆಂದು ತಿಳಿದು ಕಲಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಪೊಟ್ಯಾಸಿಯಂ ಇಡಿಟಿಎ ಇರುತ್ತದೆ; ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲಲಿಲ್ಲವೆಂದು ಯಾರೋ ನೇರಳೆಯದರಿಂದ ಸುರಿದರೆ, ರಿಪೋರ್ಟಿನಲ್ಲಿ ಪೊಟ್ಯಾಸಿಯಂ ವಿಪರೀತ ಏರಿ, ಕ್ಯಾಲ್ಸಿಯಂ ತೀರಾ ಇಳಿದಿರುತ್ತದೆ. ಯಂತ್ರ ಟ್ಯೂಬಿನಲ್ಲಿದ್ದುದನ್ನು ಸರಿಯಾಗಿಯೇ ಅಳೆದಿರುತ್ತದೆ. ಎರಡು ಅಂಕಿಗಳನ್ನೂ ಒಟ್ಟಿಗೆ ನೋಡಿ ಅನುಮಾನಿಸುವುದು ನಿನ್ನ ಕೆಲಸ. ಮೊದಲ ವರ್ಷದ ಜೀವರಸಾಯನಶಾಸ್ತ್ರ ಪಾಸಾಗಲಷ್ಟೇ ಇರುವ ವಿಷಯವೆಂದುಕೊಂಡವರಿಗೆ ಆ ಅನುಮಾನ ಹುಟ್ಟುವುದಿಲ್ಲ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದೋ ಬೇರೆ ವಿಶ್ವವಿದ್ಯಾಲಯದ್ದೋ ಮಾನ್ಯತೆ ಇದೆಯೇ, ರೋಗಿಗಳು ತುಂಬಿರುವ ಆಸ್ಪತ್ರೆ ಜೊತೆಗಿದೆಯೇ ವಿಚಾರಿಸು. ಸ್ಮಿಯರ್ ಎಳೆಯುವ ಕೈಹದ, ಮಲೇರಿಯಾ ಸ್ಲೈಡ್ ನೋಡುವ ಕಣ್ಣು ಬರುವುದು ನಿಜವಾದ ಸ್ಯಾಂಪಲ್‌ಗಳ ಮುಂದೆ ಕೂತಾಗಲೇ. ಇಂಥ ವೃತ್ತಿಗಳ ಶಿಕ್ಷಣದ ಮಟ್ಟಕ್ಕೂ ನೋಂದಣಿಗೂ 2021ರಲ್ಲಿ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಿದೆ. ಓದಿಟ್ಟುಕೋ, ನಿನ್ನ ಹಕ್ಕೂ ಹೊಣೆಯೂ ಅದರಲ್ಲಿವೆ.

ರಕ್ತ ತೆಗೆದ ಟ್ಯೂಬಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ, ಹೆಸರು ಕೇಳಿ, ಲೇಬಲ್ ಅಂಟಿಸು. ಕೌಂಟರಿಗೆ ಬಂದು ಅಂಟಿಸುವ ಅಭ್ಯಾಸ ಬೇಡ. ಅನುಮಾನವಿರುವ ರಿಪೋರ್ಟನ್ನು ಎಷ್ಟೇ ಅವಸರವಿದ್ದರೂ ಬಿಟ್ಟುಕೊಡಬೇಡ, ಇನ್ನೊಂದು ಸ್ಯಾಂಪಲ್ ಕೇಳು. ಬೈಗುಳ ಬಂದರೆ ಬರಲಿ. ಆ ರೋಗಿ ನಿನ್ನ ಮುಖವನ್ನೇ ನೋಡಿರುವುದಿಲ್ಲ, ಆದರೂ ಅವನ ಚಿಕಿತ್ಸೆ ನೀನು ಬರೆದ ಅಂಕಿಯ ಮೇಲೆ ನಿಂತಿರುತ್ತದೆ.

ದಿನವೂ ರಕ್ತದೊಡನೆ ಕೆಲಸವಾದ್ದರಿಂದ, ಹೆಪಟೈಟಿಸ್ ಬಿ ಲಸಿಕೆಯ ಡೋಸ್‌ಗಳೆಲ್ಲ ಆಗಿವೆಯೇ ಎಂದು ಈಗಲೇ ನೋಡಿಕೋ. ಆಗಿರದಿದ್ದರೆ ಕ್ಲಾಸು ಶುರುವಾಗುವ ಮೊದಲೇ ಹಾಕಿಸಲು ಆರಂಭಿಸು. ಹಾಸ್ಟೆಲಿನ ವಿಳಾಸ ತಿಳಿಸು, ನನ್ನ ರಕ್ತಶಾಸ್ತ್ರದ ಪುಸ್ತಕಗಳನ್ನು ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ