ಮೌಢ್ಯದೇವಿಯ ಆತ್ಮಸ್ತುತಿ

ವಿಡಂಬನಗ್ರಂಥಗಳನ್ನು ಕುರಿತು ಪಂಡಿತರು ಬರೆದ ವಿಮರ್ಶೆಗಳನ್ನು ಓದತೊಡಗುವ ವಿದ್ಯಾರ್ಥಿನಿಯು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಒಂದುಂಟು: ಇಲ್ಲಿ ಮಾತನಾಡುತ್ತಿರುವವರು ಯಾರು? ವಾಲ್ಟರ್ ಕೈಸರರು 1963ರಲ್ಲಿ ಪ್ರಕಟಿಸಿದ ‘ಪ್ರೇಜರ್ಸ್ ಆಫ್ ಫಾಲಿ’ ಎಂಬ ಗ್ರಂಥವು ಎರಾಸ್ಮಸ್, ರಾಬಲೇ, ಶೇಕ್ಸ್‌ಪಿಯರ್ ಈ ಮೂವರು ಸೃಷ್ಟಿಸಿದ ಮೂಢಪಾತ್ರಗಳನ್ನು ಕುರಿತದ್ದು. ಅದರಲ್ಲಿ ಎರಾಸ್ಮಸನ ಭಾಗವನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ.

ಎರಾಸ್ಮಸನು 1509ರಲ್ಲಿ ಇಟಲಿಯಿಂದ ಇಂಗ್ಲೆಂಡಿಗೆ ಹಿಂದಿರುಗಿ, ಲಂಡನ್ನಿನಲ್ಲಿ ತನ್ನ ಮಿತ್ರನಾದ ತಾಮಸ್ ಮೋರನ ಮನೆಯಲ್ಲಿ ಇಳುಕೊಂಡಿದ್ದಾಗ ‘ಮೌಢ್ಯಸ್ತುತಿ’ಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದನು. ಅದು 1511ರಲ್ಲಿ ಅಚ್ಚಾಯಿತು. ಗ್ರೀಕಿನಲ್ಲಿ ಮೌಢ್ಯಕ್ಕೆ ‘ಮೋರಿಯಾ’ ಎಂದು ಹೆಸರು. ಆತಿಥೇಯನ ಹೆಸರಿನೊಡನೆ ಆಡಿದ ಶ್ಲೇಷೆಯದು. ಮೌಢ್ಯವು ಸ್ತ್ರೀರೂಪದಿಂದ ಸಭೆಯ ಮುಂದೆ ನಿಂತು, ಲೋಕವೆಲ್ಲ ತನ್ನ ಕೃಪೆಯಿಂದಲೇ ನಡೆಯುತ್ತಿದೆಯೆಂದು ತನ್ನನ್ನು ತಾನೇ ಹೊಗಳಿಕೊಳ್ಳುತ್ತದೆ. 1515ರಲ್ಲಿ ಈ ಗ್ರಂಥವು ಬಾಸೆಲ್ ಪಟ್ಟಣದಲ್ಲಿಯೂ ಟೀಕಾಸಹಿತವಾಗಿ ಅಚ್ಚಾಯಿತು. ಆ ಊರಿನ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರಾದುದರಿಂದ ಅದರ ಹೆಸರು ನಮಗೆ ಹೊಸದಲ್ಲ.

ಅಲಂಕಾರಶಾಸ್ತ್ರವನ್ನು ಓದಿದವರು ಇದನ್ನು ವ್ಯಾಜಸ್ತುತಿಯೆಂದು ಕರೆದು ಮುಂದೆ ಹೋಗಬಹುದು. ಆದರೆ ಅಷ್ಟರಿಂದ ಕೆಲಸ ತೀರುವದಿಲ್ಲ. ವ್ಯಾಜಸ್ತುತಿಯಲ್ಲಿ ಹೊಗಳುವವನು ಬುದ್ಧಿವಂತನು. ಆತನ ಮಾತನ್ನು ತಿರುವಿಹಾಕಿದರೆ ನಿಂದೆಯು ಕೈಗೆ ಸಿಕ್ಕುವದು. ಇಲ್ಲಿಯಾದರೋ ಹೊಗಳುವವಳೇ ಮೂಢಳು. ಮೂಢಳು ಮೌಢ್ಯವನ್ನು ಹೊಗಳಿದರೆ ಆ ಮಾತನ್ನು ನಂಬುವದೋ, ಬಿಡುವದೋ? ಕೈಸರರು ಬಿಡಿಸಲೆತ್ನಿಸುವ ಗಂಟು ಇದೇ. ನನ್ನ ಮಟ್ಟಿಗೆ ಅವರ ಗ್ರಂಥದ ಬೆಲೆಯೂ ಇಲ್ಲಿಯೇ ಇದೆ.

ಮೊದಲಲ್ಲಿ ಕೇವಲ ವಿನೋದ. ನಡುವೆ ಪಂಡಿತರು, ಸನ್ಯಾಸಿಗಳು, ಅರಸರು, ಪೋಪರು ಒಬ್ಬೊಬ್ಬರಾಗಿ ಪೆಟ್ಟು ತಿನ್ನುತ್ತಾರೆ. (ಕೊಳಕು ಶಾಲೆಗಳಲ್ಲಿ ಹುಡುಗರನ್ನು ಹೊಡೆದು ತಾವೇ ರಾಜರೆಂದು ಬೀಗುವ ಉಪಾಧ್ಯಾಯರ ಭಾಗವನ್ನು ನಮ್ಮ ವೃತ್ತಿಯವರು ತಪ್ಪದೆ ಓದಬೇಕು.) ಕಡೆಯಲ್ಲಿ ಮೌಢ್ಯದೇವಿಯು ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯನ್ನು ಹಿಡಿದು, ಕ್ರಿಸ್ತನ ಮಾರ್ಗವೂ ಲೋಕದ ಕಣ್ಣಿಗೆ ಹುಚ್ಚೇ ಅಲ್ಲವೇ ಎಂದು ವಾದಿಸುತ್ತಾಳೆ. ಅಷ್ಟರಲ್ಲಿ ‘ಮೌಢ್ಯ’ವೆಂಬ ಶಬ್ದದ ಅರ್ಥವೇ ತಿರುಗಿರುತ್ತದೆ; ನಕ್ಕವರು ನಗುವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಹೋಗುತ್ತಾರೆ. ಲೂವೇನಿನ ಮಾರ್ಟಿನ್ ಡೋರ್ಪನು 1514ರಲ್ಲಿ ಆಕ್ಷೇಪಿಸಿ ಪತ್ರ ಬರೆದನು. ತನ್ನ ಗಂಭೀರಗ್ರಂಥಗಳ ಉದ್ದೇಶವೇ ಇದರ ಉದ್ದೇಶವು, ದಾರಿ ಮಾತ್ರ ಬೇರೆ ಎಂಬ ಅರ್ಥದಿಂದ ಎರಾಸ್ಮಸನು ಮರುವರ್ಷ ಉತ್ತರ ಕೊಟ್ಟನು.

ಈ ಉತ್ತರವು ಒಂದು ಕಡೆಯಲ್ಲಿ ನನಗೆ ಸಾಲದು. ಗ್ರಂಥದ ಆರಂಭದಲ್ಲಿಯೇ, ಸ್ತ್ರೀಯು ಸ್ವಭಾವದಿಂದ ಮೂಢಪ್ರಾಣಿ ಎಂಬ ಹಾಸ್ಯವುಂಟು. ಆಡಿದವಳು ಮೌಢ್ಯವಾದುದರಿಂದ ಅದು ಗ್ರಂಥಕರ್ತನ ಮತವಲ್ಲವೆಂದು ಹೇಳಬಹುದು. ಹಾಗಾದರೆ ಪೋಪರನ್ನು ಕುರಿತ ಮಾತು ಮಾತ್ರ ಆತನ ಮತವು ಹೇಗಾಯಿತು? ನಮಗೆ ಬೇಕಾದಾಗ ಮುಖವಾಡವನ್ನು ತೆಗೆದು, ಬೇಡವಾದಾಗ ಹಾಕುವದು ನ್ಯಾಯವಲ್ಲ. ಆ ಕಾಲದ ಪೂರ್ವಗ್ರಹವನ್ನು ಎರಾಸ್ಮಸನು ಇಲ್ಲಿ ಸುಲಭವಾದ ನಗುವಿಗಾಗಿ ಉಪಯೋಗಿಸಿದನೆಂದೇ ನಾನು ಓದುತ್ತೇನೆ. ಮುಂದೆ 1524ರಲ್ಲಿ ಅವನೇ ಒಬ್ಬ ಮಠಾಧಿಪತಿಗೂ ವಿದ್ಯಾವತಿಯಾದ ಸ್ತ್ರೀಗೂ ನಡೆದ ಸಂಭಾಷಣೆಯೊಂದನ್ನು ಬರೆದನು. ಅದರಲ್ಲಿ ಗೆದ್ದವಳು ಸ್ತ್ರೀ.

‘ಮೌಢ್ಯಸ್ತುತಿ’ಯನ್ನು ಬರೆಯುತ್ತಿದ್ದ ಕಾಲದಲ್ಲಿ ಮೋರನ ಹಿರಿಯ ಮಗಳು ಮಾರ್ಗರೆಟಳಿಗೆ ವಯಸ್ಸು ಸುಮಾರು ನಾಲ್ಕು. ಆಕೆಯು ಲ್ಯಾಟಿನನ್ನೂ ಗ್ರೀಕನ್ನೂ ಕಲಿತು, ಕರ್ತನ ಪ್ರಾರ್ಥನೆಯ ಮೇಲೆ ಎರಾಸ್ಮಸನು ಬರೆದ ಪುಸ್ತಕವನ್ನು ಇಂಗ್ಲಿಷಿಗೆ ಪರಿವರ್ತಿಸಿದಳು. ಮುಖಪುಟದಲ್ಲಿ ಆಕೆಯ ಹೆಸರನ್ನು ಅಚ್ಚುಮಾಡಲಿಲ್ಲ. ಸದ್ಗುಣವತಿಯೂ ಸುಶಿಕ್ಷಿತೆಯೂ ಆದ 19 ವರ್ಷದ ಯುವತಿಯೆಂದು ಮಾತ್ರ ಹಾಕಿದರು.