ಮದುವೆಯ ನಂತರದ ಪ್ರವಾಸ: ಅಲರ್ಜಿ ಇರುವವರು ಗಮನಿಸಿ

ಕ್ರಿಸ್ತ ಜಯಂತಿ ಕಳೆದು ತಪಸ್ಸು ಕಾಲ ಆರಂಭವಾಗುವವರೆಗೆ ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಗಳ ಸಾಲು. ಮದುವೆ ಮುಗಿದ ವಾರದೊಳಗೆ ನವದಂಪತಿಗಳು ಊಟಿ, ಕೊಡೈಕನಾಲ್, ಗೋವಾ ಎಂದು ಹೊರಡುತ್ತಾರೆ. ಹೋಗಿ ಬರಲಿ, ಸಂತೋಷವೇ. ಆದರೆ ಉಬ್ಬಸ, ಅಲರ್ಜಿ ಇರುವವರು ಹೊರಡುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ನಾವೇ ಮದುವೆ ನೆರವೇರಿಸಿದ ಒಂದು ಜೋಡಿ. ಹುಡುಗಿಗೆ ಎಳವೆಯಿಂದ ಉಬ್ಬಸ. ಅಡಿಕೆ ಸುಲಿಯುವಲ್ಲಿ ಕುಳಿತರೆ, ಬೈಹುಲ್ಲು ಕೊಡವಿದರೆ ಎದೆ ಕಟ್ಟುತ್ತಿತ್ತು. ಗಂಡಿನ ಕಡೆಯವರಿಗೆ ಹೇಳುವುದು ಬೇಡವೆಂದು ಮನೆಯವರು ತೀರ್ಮಾನಿಸಿದ್ದರು. ಗಂಡನ ಕಣ್ಣಿಗೆ ಬಿದ್ದೀತೆಂದು ಅವಳು ಇನ್‌ಹೇಲರನ್ನು ತವರಿನಲ್ಲೇ ಬಿಟ್ಟು ಊಟಿಗೆ ಹೋದಳು. ಚಳಿ, ಮುಚ್ಚಿದ ಕೋಣೆ, ಹಳೆಯ ಕಂಬಳಿ. ನಡುರಾತ್ರಿ ಉಸಿರು ಸಿಗದಾಯಿತು. ಏನೆಂದೇ ತಿಳಿಯದ ಹುಡುಗ ಗುರುತಿಲ್ಲದ ಊರಿನಲ್ಲಿ ಆಸ್ಪತ್ರೆ ಹುಡುಕಿ ಓಡಿದ. ದೇವರ ದಯೆಯಿಂದ ಅವಳು ಉಳಿದಳು. ಮರಳಿ ಬಂದ ಮೇಲೆ ಅವನು ನಮ್ಮಲ್ಲಿ ಹೇಳಿದ್ದು ಇಷ್ಟೇ: "ಫಾದರ್, ಮೊದಲೇ ಹೇಳಿದ್ದರೆ ಮದ್ದನ್ನು ನಾನೇ ಹಿಡಿದುಕೊಂಡು ಹೋಗುತ್ತಿದ್ದೆ."

ಕೋಣೆಯಲ್ಲಿ: ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳಿರುತ್ತವೆ. ತೇವವಿರುವ ಗೋಡೆಯಲ್ಲಿ ಬೂಷ್ಟು ಬೆಳೆಯುತ್ತದೆ. ಎರಡೂ ಉಬ್ಬಸ ಕೆರಳಿಸುತ್ತವೆ. ಬಿಸಿಲು ಬೀಳುವ, ನೆಲಗಂಬಳಿ ಹಾಸದ ಕೋಣೆ ಕೇಳಿರಿ. ಹೋದ ಕೂಡಲೇ ಕಿಟಕಿ ತೆರೆಯಿರಿ. ಒಗೆದ ಹೊದಿಕೆ, ದಿಂಬಿನ ಚೀಲಗಳನ್ನು ಮನೆಯಿಂದಲೇ ಒಯ್ಯಿರಿ. ಚಳಿಗಾಳಿಗೆ ಹೋಗುವಾಗ ಮೂಗು ಬಾಯಿಗೆ ಶಾಲು ಸುತ್ತಿಕೊಳ್ಳಿ. ಬೆಂಕಿ ಕಾಯಿಸುವಲ್ಲಿ ಹೊಗೆಗೆ ಎದುರಾಗಿ ಕೂರಬೇಡಿ. ಅತ್ತರು, ಸೆಂಟು, ಊದುಬತ್ತಿಗಳೂ ಕೆಲವರಿಗೆ ಆಗದು.

ಊಟದಲ್ಲಿ: ಸಿಗಡಿ, ಏಡಿ ಆಗದವರು ಅದೇ ಎಣ್ಣೆಯಲ್ಲಿ ಕರಿದ ಬೇರೆ ಮೀನನ್ನೂ ತಿನ್ನಬಾರದು. ಹೋಟೆಲಿನ ಕುರ್ಮಾ, ಬಿಳಿ ಗ್ರೇವಿಗಳಿಗೆ ಗೇರುಬೀಜ ಅರೆದು ಹಾಕುವುದುಂಟು. ಕೇಳಿ ತಿಳಿದು ತಿನ್ನಿರಿ. ಗೇರುಬೀಜ ಆಗದವರಿಗೆ ಪಿಸ್ತಾ ಕೂಡ ಆಗದಿರುವ ಸಂಭವ ಹೆಚ್ಚು. ಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಲಿಯುವುದು ಬೇರೆ, ಬೀಜ ತಿಂದು ತುಟಿ ಊದುವುದು ಬೇರೆ. ಎರಡನೆಯದು ಪ್ರಾಣಕ್ಕೆ ಅಪಾಯ. ಒಬ್ಬರಿಗೆ ಆಗದ್ದನ್ನು ಆ ಕೆಲವು ದಿನ ಇನ್ನೊಬ್ಬರೂ ಬಿಡುವುದು ಲೇಸು. ಒಂದೇ ಲೋಟ, ಒಂದೇ ಚಮಚ, ಒಂದು ಮುತ್ತಿನಿಂದಲೂ ಅದು ತಗಲಬಹುದು.

ಮದ್ದು: ಹೊರಡುವ ಮೊದಲು ವೈದ್ಯರನ್ನು ಕಾಣಿರಿ. ದಿನನಿತ್ಯದ ಇನ್‌ಹೇಲರನ್ನು ಪ್ರವಾಸದಲ್ಲಿ ನಿಲ್ಲಿಸಬೇಡಿ. ತಕ್ಷಣ ಉಸಿರು ಬಿಡಿಸುವ ಇನ್‌ಹೇಲರು ಕೈಚೀಲದಲ್ಲೇ ಇರಲಿ, ಬಸ್ಸಿನ ಮೇಲಿನ ಪೆಟ್ಟಿಗೆಯಲ್ಲಿ ಅಲ್ಲ. ಇನ್‌ಹೇಲರು ಚಟವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಅಪಾಯದ ಲಕ್ಷಣ: ತಿಂದ ಮೇಲೆ ಅಥವಾ ಜೇನುಹುಳ ಕುಟುಕಿದ ಮೇಲೆ ನಾಲಿಗೆ ಊದಿದರೆ, ಸ್ವರ ಬದಲಾದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಕೂಡಲೇ 108ಕ್ಕೆ ಕರೆ ಮಾಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ; ಉಸಿರಾಟ ಕಷ್ಟವಾದರೆ ಕೂರಿಸಿ. ನಡೆಸಬೇಡಿ. ಅಲರ್ಜಿ ಮಾತ್ರೆ ತುರಿಕೆ ಇಳಿಸೀತು, ಪ್ರಾಣ ಉಳಿಸಲಾರದು. ಅಲ್ಲಿ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ಆದ್ದರಿಂದ ಆಸ್ಪತ್ರೆಗೆ ತಡಮಾಡಬಾರದು.

ಕೊನೆಗೆ ಹೆತ್ತವರಲ್ಲಿ ಒಂದು ಮಾತು. ಉಬ್ಬಸ ಅವಮಾನವಲ್ಲ, ಮುಚ್ಚಿಡುವುದೇ ಅಪಾಯ. ಸಂಬಂಧ ನಿಶ್ಚಯವಾಗುವಾಗಲೇ ಹೇಳಿಬಿಡಿ. ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಜೊತೆಗಿರುತ್ತೇವೆಂದು ಮಕ್ಕಳು ಪೀಠದ ಮುಂದೆ ಮಾತು ಕೊಡುತ್ತಾರೆ. ಕಾಯಿಲೆ ಏನೆಂದು ತಿಳಿಯದವರು ಆ ಮಾತನ್ನು ನಡೆಸಿಕೊಡುವುದಾದರೂ ಹೇಗೆ?