ಬೇಸಿನ್ ಹಿಂದಿನ ಸಂದು ಮುಚ್ಚುವ ಮುನ್ನ

ಮುಖ ತೊಳೆಯುವಾಗ ಸಿಡಿದ ನೀರು ಬೇಸಿನ್ ಕಲ್ಲಿನ ಮೇಲೆ ಹರಿದು, ಗೋಡೆಯತ್ತ ಸರಿದು, ಸದ್ದಿಲ್ಲದೆ ಹಿಂದಿನ ಸಂದಿಗೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಅದು ತಿಳಿದದ್ದು ಬೇಸಿನ್ ಕೆಳಗಿನ ಕ್ಯಾಬಿನೆಟ್‌ನ ಪ್ಲೈವುಡ್ ಉಬ್ಬಿ ಪದರ ಪದರವಾಗಿ ಬಿಚ್ಚಿಕೊಂಡ ಮೇಲೆ. ಅಷ್ಟರೊಳಗೆ ಎರಡು ಸಲ ವೈಟ್ ಸಿಮೆಂಟ್ ಮೆತ್ತಿಸಿಯಾಗಿತ್ತು. ಎರಡು ಸಲವೂ ಕೆಲವೇ ತಿಂಗಳಲ್ಲಿ ಕೂದಲೆಳೆಯಂಥ ಬಿರುಕು.

ಮೆತ್ತಿದವರ ಕೈಯಲ್ಲಿ ದೋಷವಿರಲಿಲ್ಲ, ಮೆತ್ತಿದ ಸಾಮಾನೇ ಅಲ್ಲಿಗೆ ತಕ್ಕದ್ದಲ್ಲ. ಪ್ಲೈವುಡ್ ತೇವ ಕುಡಿದಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತದೆ, ಗೋಡೆ ಮಿಸುಕುವುದಿಲ್ಲ. ಇವೆರಡರ ನಡುವೆ ಕಲ್ಲಿನಂತೆ ಗಟ್ಟಿಯಾಗುವ ಸಿಮೆಂಟ್ ಬಿರಿಯದೆ ಇನ್ನೇನಾದೀತು? ಅಲ್ಲಿಗೆ ಬೇಕಾದದ್ದು ರಬ್ಬರಿನಂತೆ ಹಿಗ್ಗಿ ಕುಗ್ಗುವ ಸಿಲಿಕಾನ್.

ಮೊದಲು ಕ್ಯಾಬಿನೆಟ್ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಗೋಡೆಯ ಸ್ಕ್ರೂಗಳನ್ನು ಬಿಗಿ ಮಾಡಿ. ಆಮೇಲೆ ಒಂದು ಪೆನ್ಸಿಲ್ ತನ್ನಿ. ಅದರ ದಪ್ಪ ಸುಮಾರು 7 ಮಿ.ಮೀ. ಸಂದಿನ ಉದ್ದಕ್ಕೂ ತೂರಿಸುತ್ತಾ ಹೋಗಿ. ನಮ್ಮ ಮನೆಗಳ ಗೋಡೆ ಮೂಲೆಮಟ್ಟಕ್ಕೆ ಸರಿಯಾಗಿ ಕೂರುವುದು ಅಪರೂಪ. ಒಂದು ತುದಿಯಲ್ಲಿ ಕಾಗದವೂ ತೂರದು, ಇನ್ನೊಂದು ತುದಿಯಲ್ಲಿ ಬೆರಳೇ ಹೋದೀತು.

ಪೆನ್ಸಿಲ್ ಹಿಡಿಸದ ಕಡೆ ಬರೀ ಸಿಲಿಕಾನ್ ಸಾಕು. ಹಿಡಿಸಿದರೆ ಕೆಳಗೊಂದು ಆಸರೆ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಬ್ಯಾಕರ್ ರಾಡ್ ಎಂದು ಕೇಳಿ: ಮೆತ್ತನೆಯ ಫೋಮ್ ಹುರಿ. ಸಂದಿಗಿಂತ ತುಸು ದಪ್ಪನೆಯದನ್ನು ಒಳಗೆ ಒತ್ತಿ, ಮೇಲೆ ಐದಾರು ಮಿ.ಮೀ. ಜಾಗ ಬಿಡಿ. ಆಗ ಸಿಲಿಕಾನ್ ಒಳಕ್ಕೆ ಕುಸಿಯುವುದಿಲ್ಲ. ತಳಕ್ಕೆ ಅಂಟದೆ ಎರಡು ಬದಿಗಷ್ಟೇ ಅಂಟುವುದರಿಂದ ಸಲೀಸಾಗಿ ಹಿಗ್ಗುತ್ತದೆ. ಬೆರಳು ಹೋಗುವಷ್ಟು ಅಗಲವಿದ್ದರೆ ಮಾತ್ರ ಗ್ರಾನೈಟ್ ಅಥವಾ ಪಿವಿಸಿ ಪಟ್ಟಿ ಕತ್ತರಿಸಿ ಕೂರಿಸಿ, ಅದರ ಎರಡೂ ಅಂಚಿಗೆ ಸಿಲಿಕಾನ್ ಹಾಕಬೇಕು.

ಕೊಳ್ಳುವಾಗ ಬಾತ್‌ರೂಮಿಗೆಂದೇ ಮಾಡಿದ, ಬೂಷ್ಟು ತಡೆಯುವ ಸ್ಯಾನಿಟರಿ ಸಿಲಿಕಾನ್ ಕೇಳಿ. ವಿನೆಗರ್ ವಾಸನೆಯದು ಸೆರಾಮಿಕ್ ಟೈಲ್ಸಿಗೆ ಸರಿ, ಮಾರ್ಬಲ್ಲಿಗೆ ಮಾತ್ರ ಬೇಡವೇ ಬೇಡ. ಅದರ ಆಮ್ಲ ಕಲ್ಲನ್ನು ತಿನ್ನುತ್ತದೆ. ಮಾರ್ಬಲ್, ಗ್ರಾನೈಟ್ ಇದ್ದರೆ ನ್ಯೂಟ್ರಲ್ ಬಗೆಯದನ್ನೇ ತನ್ನಿ.

ಇನ್ನು ಎಲ್ಲರೂ ಅವಸರ ಮಾಡಿ ಕೆಡಿಸಿಕೊಳ್ಳುವ ಕೆಲಸ. ಹಳೆಯ ಸಿಮೆಂಟ್, ಹಳೆಯ ಸಿಲಿಕಾನ್ ಒಂದು ಚೂರೂ ಉಳಿಯದಂತೆ ಬ್ಲೇಡಿನಿಂದ ಕೆರೆಯಿರಿ. ಹಳೆಯ ಸಿಲಿಕಾನಿನ ಮೇಲೆ ಹೊಸದು ನಿಲ್ಲುವುದಿಲ್ಲ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ. ಒಂದು ರಾತ್ರಿ ಆ ಬೇಸಿನ್ ಮುಟ್ಟಬೇಡಿ. ಬೆಳಿಗ್ಗೆ ಟಿಶ್ಯೂ ಕಾಗದ ಮಡಚಿ ಸಂದಿಗೆ ತೂರಿಸಿ ತೆಗೆಯಿರಿ. ಒದ್ದೆಯಾಗಿ ಬಂದರೆ ಇನ್ನೊಂದು ದಿನ ಕಾಯಿರಿ. ಮರುದಿನವೂ ಒದ್ದೆಯೇ ಇದ್ದರೆ ಪೈಪೋ ಗೋಡೆಯೋ ಸೋರುತ್ತಿದೆ. ಮೊದಲು ಪ್ಲಂಬರ್ ಬರಲಿ.

ಒಣಗಿದ ಮೇಲಿನ ಕೆಲಸ ಹತ್ತು ನಿಮಿಷದ್ದು. ಸಂದಿನ ಎರಡೂ ಬದಿ ಮಾಸ್ಕಿಂಗ್ ಟೇಪ್ ಅಂಟಿಸಿ. ಟ್ಯೂಬಿನ ಮೂತಿಯನ್ನು ಓರೆಯಾಗಿ, ಸಂದಿನ ಅಗಲಕ್ಕೆ ತಕ್ಕಂತೆ ಕತ್ತರಿಸಿ, ಗನ್ ಒತ್ತುತ್ತಾ ಒಂದೇ ವೇಗದಲ್ಲಿ ಎಳೆಯಿರಿ. ಸೋಪಿನ ನೀರಲ್ಲಿ ಅದ್ದಿದ ಬೆರಳಿನಿಂದ ಒಂದೇ ಸಲ ಸವರಿ, ಸಿಲಿಕಾನ್ ಕೆನೆಗಟ್ಟುವ ಮೊದಲೇ ಟೇಪ್ ಕಿತ್ತುಬಿಡಿ. ಮತ್ತೆ ಮತ್ತೆ ಸವರಿದರೆ ಗೀರು ಬೀಳುತ್ತದೆ. 24 ಗಂಟೆ ನೀರು ತಾಗಿಸಬೇಡಿ.

ಮೇಲಿನ ಅಂಚು, ಎರಡು ಪಕ್ಕ, ಇಷ್ಟಕ್ಕೆ ನಿಲ್ಲಿಸಿ. ಗೋಡೆಗೆ ತಾಗುವ ಕೆಳಗಿನ ಅಂಚನ್ನು ನಾನು ಮುಚ್ಚುವುದಿಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಆ್ಯಂಗಲ್ ಕಾಕ್ ಸೋರತೊಡಗಿದಾಗ ನೀರು ಪ್ಲೈವುಡ್ಡಿನಲ್ಲಿ ಮಡುಗಟ್ಟದೆ, ಅದೇ ಸಂದಿನಿಂದ ನೆಲಕ್ಕೆ ತೊಟ್ಟಿಕ್ಕಿ ಅಂದೇ ಕಣ್ಣಿಗೆ ಬಿತ್ತು.